ತೀರ್ಪು ಹೇಳದ ವಿದ್ಯೆ: ದಾಂಪತ್ಯ ಹಾಗೂ ಕುಟುಂಬ ಚಿಕಿತ್ಸೆಯ ಸ್ನಾತಕೋತ್ತರ ಶಿಕ್ಷಣ

ಉಂಡವಳ್ಳಿ ಎಂದೊಡನೆ ಗುಂಟೂರು ಸೀಮೆಯ ಗುಹಾಲಯಗಳನ್ನು ನೆನೆಯುವವರೇ ಹೆಚ್ಚು. ನಾನು ಹೇಳಹೊರಟಿರುವುದು ಮತ್ತೊಂದು ಉಂಡವಳ್ಳಿಯ ಮಾತು: ಕೃಷ್ಣೆಯೂ ತುಂಗಭದ್ರೆಯೂ ಕೂಡುವುದಕ್ಕೆ ಮುನ್ನ ತಮ್ಮ ನಡುವೆ ಉಳಿಸಿಕೊಂಡಿರುವ ಎಡೆದೊರೆಯ ಮೂಡಣ ಕೊನೆಯಲ್ಲಿ, ಬಾದಾಮಿ ಚಲುಕ್ಯರ ಕಾಲದ ನವಬ್ರಹ್ಮ ದೇವಾಲಯಗಳಿಂದ ಪ್ರಸಿದ್ಧವಾದ ಆಲಂಪುರಕ್ಕೆ ಸಮೀಪದಲ್ಲಿ, 2016ರಲ್ಲಿ ರೂಪುಗೊಂಡ ಜೋಗುಳಾಂಬ ಗದ್ವಾಲ ಜಿಲ್ಲೆಗೆ ಸೇರಿದ ಉಂಡವಳ್ಳಿಯದು. ಒಂದು ಕಡೆಗೆ ರಾಯಚೂರು, ತುಂಗಭದ್ರೆಯ ಆಚೆಗೆ ಕರ್ನೂಲು, ಹೆದ್ದಾರಿ ಹಿಡಿದರೆ ಉತ್ತರಕ್ಕೆ ಹೈದರಾಬಾದು, ದಕ್ಷಿಣಕ್ಕೆ ಬೆಂಗಳೂರು. ಗದ್ವಾಲ, ಮಕ್ತಲ, ನಾರಾಯಣಪೇಟೆಗಳ ಈ ಸೀಮೆಯಲ್ಲಿ ಮನೆಯೊಳಗೆ ಕನ್ನಡವನ್ನೂ, ಶಾಲೆಯಲ್ಲಿ ತೆಲುಗನ್ನೂ, ಸಂತೆಯಲ್ಲಿ ದಖನಿಯನ್ನೂ ಆಡಿ ಬೆಳೆದು, ಪದವಿಯನ್ನು ಮುಗಿಸಿ, ಮುರಿಯುತ್ತಿರುವ ಸಂಸಾರಗಳಿಗೆ ನೆರವಾಗುವ ಕೆಲಸವನ್ನೇ ಜೀವನದ ವೃತ್ತಿಯಾಗಿ ಮಾಡಿಕೊಳ್ಳಬೇಕೆಂದು ಬಯಸುವ ಯುವಕ ಯುವತಿಯರು ಯಾವ ದಾರಿಯಲ್ಲಿ ನಡೆಯಬೇಕು, ಎಲ್ಲಿ ಎಚ್ಚರವಾಗಿರಬೇಕು ಎಂಬುದನ್ನು ಇಲ್ಲಿ ಕೊಂಚ ವಿಸ್ತಾರವಾಗಿಯೇ ವಿವೇಚಿಸಬಯಸುತ್ತೇನೆ.

ಇಂಥ ಊರುಗಳಲ್ಲಿ ಗಂಡಹೆಂಡಿರ ಮನಸ್ತಾಪವು ಹೊಸ್ತಿಲನ್ನು ದಾಟಿತೆಂದರೆ ಮೊದಲು ಸೋದರಮಾವನಿಗೆ ಹೇಳಿಕಳುಹಿಸುತ್ತಾರೆ. ಅಲ್ಲಿ ಹರಿಯದಿದ್ದರೆ ಎರಡೂ ಕಡೆಯ ಹಿರಿಯರು ಕೂಡುತ್ತಾರೆ. ಅಲ್ಲಿಯೂ ಹರಿಯದಿದ್ದರೆ ಊರ ಪಂಚರು, ಕಟ್ಟಕಡೆಗೆ ಪೊಲೀಸು ಠಾಣೆ ಮತ್ತು ನ್ಯಾಯಾಲಯ. ಈ ಮೆಟ್ಟಿಲುಗಳಲ್ಲಿ ಕುಳಿತವರೆಲ್ಲ ಕೆಟ್ಟವರೆಂದಾಗಲಿ, ಅವರ ಕೆಲಸ ನಿಷ್ಫಲವೆಂದಾಗಲಿ ನಾನು ಹೇಳಲಾರೆ. ಎಷ್ಟೋ ಸಂಸಾರಗಳನ್ನು ಅವರು ಕಾಪಾಡಿರುವುದೂ ಉಂಟು. ಆದರೆ ಅವರೆಲ್ಲರಿಗೂ ಸಮಾನವಾದ ಒಂದು ಅಭ್ಯಾಸವಿದೆ: ತಪ್ಪು ಯಾರದೆಂದು ನಿಶ್ಚಯಿಸಿ, ತೀರ್ಪನ್ನು ಕೊಟ್ಟು, ಬುದ್ಧಿಮಾತು ಹೇಳಿ ಎದ್ದುಹೋಗುವುದು. ಕುಟುಂಬ ಚಿಕಿತ್ಸೆಯೆಂಬ ವಿದ್ಯೆಯು ಪ್ರಾರಂಭವಾಗುವುದು ಈ ಅಭ್ಯಾಸವನ್ನು ಬಿಟ್ಟ ಮೇಲೆ. ಅಪರಾಧಿಯನ್ನು ಹುಡುಕುವ ಬದಲು, ಒಬ್ಬರ ಮೌನ ಇನ್ನೊಬ್ಬರ ಕೂಗಿಗೆ ಹೇಗೆ ಕಾರಣವಾಗುತ್ತದೆ, ಆ ಕೂಗು ಮತ್ತೆ ಮೌನವನ್ನು ಹೇಗೆ ಗಾಢಗೊಳಿಸುತ್ತದೆ ಎಂಬ ಆವರ್ತನವನ್ನು ಅದು ನೋಡುತ್ತದೆ. ಹೇಳುವುದಕ್ಕೆ ಸುಲಭವಾದ ಈ ಮಾತನ್ನು ಆಚರಣೆಯಲ್ಲಿ ತರಲು ವರ್ಷಗಳು ಬೇಕು. ಸ್ನಾತಕೋತ್ತರ ಶಿಕ್ಷಣದ ಬಹುಭಾಗವು ಈ ಒಂದು ಸಾಧನೆಗಾಗಿಯೇ ಮೀಸಲಾಗಿರತಕ್ಕದ್ದು.

ಗಡಿನಾಡಿನ ಸಂಸಾರಗಳ ಮೇಲೆ ಬಿದ್ದಿರುವ ಭಾರವೂ ಸಾಮಾನ್ಯವಾದುದಲ್ಲ. ಪಾಲಮೂರಿನ ಕೂಲಿಯೆಂದು ಹೆಸರಾದ ಗುಳೆಯ ಪದ್ಧತಿಯಿಂದ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಅಜ್ಜಿಯ ಬಳಿ ಬೆಳೆದ ಮನೆಗಳಿವೆ. ಶ್ರೀಶೈಲ ಜಲಾಶಯದ ಹಿನ್ನೀರಿಗೆ ನೆಲವನ್ನು ಬಿಟ್ಟುಕೊಟ್ಟು ಒಕ್ಕಲೆದ್ದ ಕುಟುಂಬಗಳು ಆಲಂಪುರದ ಸುತ್ತ ಇವೆ. ಹತ್ತಿಯ ಬೀಜೋತ್ಪಾದನೆಗೆ ಗದ್ವಾಲ ಪ್ರಸಿದ್ಧವಾದ ಮೇಲೆ ಕಂಪನಿಗಳ ಮುಂಗಡ, ಸಾಲ, ಹೊಲದಲ್ಲಿ ಹೆಂಗಸರ ಮತ್ತು ಎಳೆಯರ ದುಡಿಮೆ ಇವುಗಳ ಲೆಕ್ಕಾಚಾರವೇ ಅನೇಕ ಜಗಳಗಳ ಮೂಲವಾಗಿ ನಿಲ್ಲುತ್ತದೆ. ಇಂಥ ಮನೆಗಳ ಕಲಹವನ್ನು ಸ್ವಭಾವದೋಷವೆಂದು ತಿಳಿಯುವ ಚಿಕಿತ್ಸಕನು ಅರ್ಧವನ್ನೇ ಕಾಣುವನು.

ಈ ವಿದ್ಯೆಯ ಇತಿಹಾಸವನ್ನು ಸಂಕ್ಷೇಪವಾಗಿಯಾದರೂ ಅರಿತಿರುವುದು ಒಳ್ಳೆಯದು. ಅಮೆರಿಕೆಯಲ್ಲಿ ವಿವಾಹ ಸಲಹೆಗಾರರ ಸಂಘವು ಸ್ಥಾಪಿತವಾದದ್ದು 1942ರಲ್ಲಿ. ಈ ವೃತ್ತಿಗೆ ಪ್ರತ್ಯೇಕವಾದ ಪರವಾನಗಿಯನ್ನು ಮೊದಲು ಕೊಟ್ಟ ರಾಜ್ಯ ಕ್ಯಾಲಿಫೋರ್ನಿಯಾ, 1963ರಲ್ಲಿ. ಮರ್ರೆ ಬೋವೆನ್ ಎಂಬ ಮನೋವೈದ್ಯರು 1950ರ ದಶಕದಲ್ಲಿ ಬೆಥೆಸ್ಡಾದ ಸಂಶೋಧನಾ ವಾರ್ಡಿನಲ್ಲಿ ರೋಗಿಯೊಡನೆ ಅವನ ಮನೆಯವರನ್ನೂ ವಾಸಕ್ಕಿರಿಸಿಕೊಂಡು ಅಭ್ಯಾಸ ಮಾಡಿದರು. ಹೆಚ್ಚುಕಡಿಮೆ ಅದೇ ದಶಕದಲ್ಲಿ ನಮ್ಮ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು, ರೋಗಿಗಳ ನೂಕುನುಗ್ಗಲು, ಸಿಬ್ಬಂದಿಯ ಕೊರತೆ ಇವುಗಳ ನಡುವೆ, ಬಂಧುಗಳನ್ನು ಆವರಣದಲ್ಲೇ ಡೇರೆಗಳಲ್ಲಿ ಇಳಿಸಿ ಶುಶ್ರೂಷೆಯಲ್ಲಿ ಪಾಲುಗೊಳಿಸಿದರು. ಸಿರಿವಂತ ದೇಶವು ಸಂಶೋಧನೆಗಾಗಿ ಮಾಡಿದ್ದನ್ನು ಬಡ ದೇಶವು ಅಗತ್ಯದಿಂದ ಮಾಡಿತೆಂಬುದೂ, ಎರಡೂ ಒಂದೇ ಅರಿವಿನ ಕಡೆಗೆ ನಡೆದುವೆಂಬುದೂ ನನಗೆ ಬಹಳ ಅರ್ಥವತ್ತಾಗಿ ತೋರುತ್ತದೆ. ಬೆಂಗಳೂರಿನಲ್ಲಿ 1954ರಲ್ಲಿ ಡಾ. ಎಂ. ವಿ. ಗೋವಿಂದಸ್ವಾಮಿಯವರ ನೇತೃತ್ವದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾಗಿ, 1974ರಲ್ಲಿ ಅದು ನಿಮ್ಹಾನ್ಸ್ ಆಯಿತು. ರೋಗಿಯೊಬ್ಬನನ್ನಲ್ಲದೆ ಅವನ ಕುಟುಂಬವನ್ನೇ ಒಳರೋಗಿಗಳಾಗಿ ಸೇರಿಸಿಕೊಳ್ಳುವ ಅಲ್ಲಿನ ವಾರ್ಡಿನ ಅನುಭವವನ್ನು ಭಟ್ಟಿ, ಜಾನಕಿರಾಮಯ್ಯ ಹಾಗೂ ಚನ್ನಬಸವಣ್ಣ ಅವರು 1980ರಲ್ಲಿ ‘ಫ್ಯಾಮಿಲಿ ಪ್ರಾಸೆಸ್’ ಎಂಬ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಆದುದರಿಂದ ಇದು ಪರದೇಶದಿಂದ ನಿನ್ನೆ ಮೊನ್ನೆ ಬಂದ ವಿದ್ಯೆಯೆಂದು ಹಿಂಜರಿಯುವ ಕಾರಣವಿಲ್ಲ. ಕನ್ನಡನಾಡಿನಲ್ಲಿಯೇ ಇದಕ್ಕೆ ಒಂದು ಪರಂಪರೆ ಇದೆ.

ಇನ್ನು ಕಾನೂನಿನ ಸ್ಥಿತಿ. ಮೊದಲೇ ಸ್ಪಷ್ಟವಾಗಿ ಹೇಳಿಬಿಡುವುದು ಕ್ಷೇಮ: ದಾಂಪತ್ಯ ಮತ್ತು ಕುಟುಂಬ ಚಿಕಿತ್ಸಕ ಎಂಬ ಹೆಸರಿನ ಪ್ರತ್ಯೇಕ ಪರವಾನಗಿಯು ಭಾರತದಲ್ಲಿ ಇಲ್ಲ. ಅಂಥ ಪರವಾನಗಿಯನ್ನು ಕೊಡಿಸುತ್ತೇವೆಂದು ಯಾವ ಸಂಸ್ಥೆಯಾದರೂ ಜಾಹೀರಾತು ಹೊರಡಿಸಿದರೆ ಅದನ್ನು ಅಲ್ಲಿಗೇ ಮಡಿಸಿಡಬಹುದು. ಇಲ್ಲಿ ಈ ಕೆಲಸವನ್ನು ಮಾಡುವವರು ಬೇರೆ ಬೇರೆ ಬಾಗಿಲುಗಳಿಂದ ಬಂದವರು. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯು ಮನೋವೈದ್ಯರೊಡನೆ ಕ್ಲಿನಿಕಲ್ ಮನೋವಿಜ್ಞಾನಿ, ಮನೋವೈದ್ಯಕೀಯ ಸಮಾಜಕಾರ್ಯಕರ್ತ, ಮಾನಸಿಕ ಆರೋಗ್ಯ ಶುಶ್ರೂಷಕ ಇವರನ್ನೂ ವೃತ್ತಿಪರರೆಂದು ಮಾನ್ಯಮಾಡಿದೆ. ಕ್ಲಿನಿಕಲ್ ಮನೋವಿಜ್ಞಾನಿಯು 1992ರ ಕಾಯಿದೆಯಿಂದ ರಚಿತವಾದ ಭಾರತೀಯ ಪುನರ್ವಸತಿ ಪರಿಷತ್ತಿನ ಕೇಂದ್ರ ದಾಖಲೆಯಲ್ಲಿ ಹೆಸರು ನೋಂದಾಯಿಸಿರಬೇಕು. ಉಳಿದ ಮನೋವಿಜ್ಞಾನಿಗಳು, ಕೌನ್ಸೆಲರ್‌ಗಳು, ಮನೋವೈದ್ಯಕೀಯ ಸಮಾಜಕಾರ್ಯಕರ್ತರೇ ಮೊದಲಾದವರನ್ನು 2021ರ ರಾಷ್ಟ್ರೀಯ ಸಹವರ್ತಿ ಆರೋಗ್ಯ ವೃತ್ತಿಗಳ ಆಯೋಗದ ಕಾಯಿದೆಯು ತನ್ನ ವ್ಯಾಪ್ತಿಗೆ ತೆಗೆದುಕೊಂಡಿದೆ. ಕುಟುಂಬ ಚಿಕಿತ್ಸೆಯು ಈ ಬಾಗಿಲುಗಳಲ್ಲಿ ಯಾವುದಾದರೊಂದನ್ನು ಹೊಕ್ಕ ಬಳಿಕ, ಒಳಗಿನ ಕೋಣೆಯಲ್ಲಿ ಕಲಿಯುವ ವಿಶೇಷ ವಿದ್ಯೆಯೆಂದು ತಿಳಿಯತಕ್ಕದ್ದು.

ಮೊದಲನೆಯ ಬಾಗಿಲು ಮನೋವಿಜ್ಞಾನದ್ದು. ಎಂ.ಎ. ಅಥವಾ ಎಂ.ಎಸ್ಸಿ. ಮನೋವಿಜ್ಞಾನವನ್ನು ಸಾಮಾನ್ಯವಾಗಿ ನೂರಕ್ಕೆ 55ರಷ್ಟು ಅಂಕಗಳೊಡನೆ, ಮೀಸಲು ವರ್ಗದವರಾದರೆ 50ರಷ್ಟರೊಡನೆ ಮುಗಿಸಿದವರು, ಪ್ರವೇಶ ಪರೀಕ್ಷೆಯನ್ನು ಗೆದ್ದು, ಪುನರ್ವಸತಿ ಪರಿಷತ್ತು ಒಪ್ಪಿದ ಆಸ್ಪತ್ರೆಯಲ್ಲಿ ಎರಡು ವರ್ಷಗಳ ಎಂ.ಫಿಲ್. ಕ್ಲಿನಿಕಲ್ ಮನೋವಿಜ್ಞಾನವನ್ನು ಮಾಡುವುದು ಇಷ್ಟು ಕಾಲ ನಡೆದುಬಂದ ಕ್ರಮ; ಬೆಂಗಳೂರಿನ ಸಂಸ್ಥೆಯಲ್ಲಿ ಇದರ ಪೂರ್ವರೂಪವಾದ ಡಿಪ್ಲೊಮಾ 1955ರಲ್ಲಿಯೇ ಆರಂಭವಾಗಿತ್ತು. ಎರಡನೆಯ ಬಾಗಿಲು ಸಮಾಜಕಾರ್ಯದ್ದು: ಎಂ.ಎಸ್.ಡಬ್ಲ್ಯು. ಪದವಿಯ ಬಳಿಕ ಮನೋವೈದ್ಯಕೀಯ ಸಮಾಜಕಾರ್ಯದ ಎಂ.ಫಿಲ್. ಮೂರನೆಯದು ಎಂ.ಬಿ.ಬಿ.ಎಸ್. ಮುಗಿಸಿದವರಿಗೆ ಮಾತ್ರ ತೆರೆದಿರುವ ಮನೋವೈದ್ಯಕೀಯ ಎಂ.ಡಿ.; ಅದರ ಮಾತು ಇಲ್ಲಿ ಬೇಡ. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯ, ಮಾಂಟ್‌ಫೋರ್ಟ್ ಕಾಲೇಜು ಇಂಥ ಕಡೆಗಳಲ್ಲಿ ದೊರೆಯುವ ಕೌನ್ಸೆಲಿಂಗ್ ಮನೋವಿಜ್ಞಾನದ ಸ್ನಾತಕೋತ್ತರ ಪದವಿಯು ನಾಲ್ಕನೆಯ ಬಾಗಿಲು. ಇದನ್ನು ಮುಗಿಸಿದವರು ಕೌನ್ಸೆಲರ್ ಎಂದು ಕೆಲಸ ಮಾಡಬಹುದು, ಕ್ಲಿನಿಕಲ್ ಮನೋವಿಜ್ಞಾನಿ ಎಂದು ಫಲಕ ಹಾಕಿಕೊಳ್ಳುವಂತಿಲ್ಲ.

ಇವುಗಳಲ್ಲಿ ಯಾವುದು ಉತ್ತಮವೆಂದು ಕೇಳಿದರೆ, ಗಡಿನಾಡಿನ ಸಾಮಾನ್ಯ ಕುಟುಂಬದಿಂದ ಬಂದ ವಿದ್ಯಾರ್ಥಿಗೆ ನಾನು ಎರಡನೆಯದನ್ನೇ ಹೇಳುವೆನು. ಸಣ್ಣ ಊರಿನ ಕಾಲೇಜುಗಳಲ್ಲಿ ಮನೋವಿಜ್ಞಾನವು ಪದವಿಯ ವಿಷಯವಾಗಿ ಸಿಗುವುದೇ ಅಪರೂಪ, ಎಂ.ಎಸ್.ಡಬ್ಲ್ಯು.ಗಾದರೋ ಹೆಚ್ಚಿನ ವಿಶ್ವವಿದ್ಯಾಲಯಗಳು ಯಾವ ವಿಷಯದ ಪದವೀಧರರನ್ನಾದರೂ ಸೇರಿಸಿಕೊಳ್ಳುತ್ತವೆ. ಸಮಾಜಕಾರ್ಯದ ವಿದ್ಯಾರ್ಥಿಯು ಮೊದಲ ವರ್ಷದಿಂದಲೇ ಕ್ಷೇತ್ರಕಾರ್ಯಕ್ಕೆಂದು ಮನೆಗಳ ಬಾಗಿಲಿಗೆ ಹೋಗುವನು. ಸಾಲ, ಕುಡಿತ, ಜಾತಿ, ಪಿಂಚಣಿ, ಪಡಿತರಚೀಟಿ ಇವೆಲ್ಲವೂ ಸಂಸಾರದ ಕಲಹದಲ್ಲಿ ಹೇಗೆ ಹೆಣೆದುಕೊಂಡಿರುತ್ತವೆಂಬುದನ್ನು ಪುಸ್ತಕಕ್ಕೆ ಮೊದಲು ಕಣ್ಣಿನಿಂದ ಕಾಣುವನು. ಮುಂದೆ ನಿಮ್ಹಾನ್ಸ್ ಆದ ಬೆಂಗಳೂರಿನ ಸಂಸ್ಥೆಯಲ್ಲಿ ಮನೋವೈದ್ಯಕೀಯ ಸಮಾಜಕಾರ್ಯದ ಡಿಪ್ಲೊಮಾ ಪ್ರಾರಂಭವಾದದ್ದು 1968ರಲ್ಲಿ. ಅಲ್ಲಿನ ಕುಟುಂಬ ಚಿಕಿತ್ಸೆಯ ಕೆಲಸದಲ್ಲಿ ಆ ವಿಭಾಗದವರ ಪಾಲು ಬಹಳ ದೊಡ್ಡದು.

ಆದರೆ ಈ ಕ್ರಮಗಳೆಲ್ಲ ಈಗ ಬದಲಾಗುತ್ತಿವೆಯೆಂಬುದನ್ನು ಅರಿಯದೆ ಹಳೆಯ ವಿದ್ಯಾರ್ಥಿಗಳ ಮಾತನ್ನೇ ನಂಬಿ ಹೊರಟವರು ದಾರಿ ತಪ್ಪುವರು. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2022ರ ನಿಯಮಗಳಿಂದ ಎಂ.ಫಿಲ್. ಪದವಿಯನ್ನೇ ನಿಲ್ಲಿಸಿತು, ಅನಂತರ ಕ್ಲಿನಿಕಲ್ ಮನೋವಿಜ್ಞಾನ ಮತ್ತು ಮನೋವೈದ್ಯಕೀಯ ಸಮಾಜಕಾರ್ಯ ಈ ಎರಡಕ್ಕೆ ಮಾತ್ರ ವಿನಾಯಿತಿಯನ್ನಿತ್ತು, 2025-26ರ ಶೈಕ್ಷಣಿಕ ವರ್ಷದವರೆಗೆ ಪ್ರವೇಶವನ್ನು ಅನುಮತಿಸಿತು. ಅದರ ಸ್ಥಾನವನ್ನು ತುಂಬಲೆಂದು ಪುನರ್ವಸತಿ ಪರಿಷತ್ತು ಕ್ಲಿನಿಕಲ್ ಮನೋವಿಜ್ಞಾನದಲ್ಲಿ ನಾಲ್ಕು ವರ್ಷದ ಬಿ.ಎಸ್ಸಿ. ಆನರ್ಸ್, ಎರಡು ವರ್ಷದ ಎಂ.ಎ., ಸೈ.ಡಿ. ಎಂಬ ಹೊಸ ವ್ಯಾಸಂಗಗಳನ್ನು ರೂಪಿಸಿದೆ. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯವು ‘ಕೌನ್ಸೆಲಿಂಗ್ ಮತ್ತು ಕುಟುಂಬ ಚಿಕಿತ್ಸೆ’ ಎಂಬ ಹೆಸರಿನಲ್ಲೇ ಒಂದು ಎಂ.ಎಸ್ಸಿ.ಯನ್ನೂ ಒಂದು ಸ್ನಾತಕೋತ್ತರ ಡಿಪ್ಲೊಮಾವನ್ನೂ ದೂರಶಿಕ್ಷಣದಲ್ಲಿ ನಡೆಸಿಕೊಂಡು ಬಂದಿತ್ತು. ಹಳ್ಳಿಯಲ್ಲಿದ್ದುಕೊಂಡು, ಉದ್ಯೋಗವನ್ನು ಬಿಡದೆ ಓದಬಯಸುವವರಿಗೆ ಇದು ದೊಡ್ಡ ಆಕರ್ಷಣೆಯಾಗಿತ್ತು. ಆದರೆ 2021ರ ಕಾಯಿದೆಯ ವ್ಯಾಪ್ತಿಗೆ ಬರುವ ಆರೋಗ್ಯ ವಿಷಯಗಳನ್ನು, ಮನೋವಿಜ್ಞಾನವನ್ನೂ ಸೇರಿಸಿ, 2025ರ ಜುಲೈ-ಆಗಸ್ಟ್ ಪ್ರವೇಶದಿಂದ ದೂರಶಿಕ್ಷಣದಲ್ಲಿಯೂ ಆನ್‌ಲೈನಿನಲ್ಲಿಯೂ ಬೋಧಿಸಕೂಡದೆಂದು ಧನಸಹಾಯ ಆಯೋಗವು ಆಜ್ಞಾಪಿಸಿದೆ. ಈ ಆಜ್ಞೆ ಬಡ ವಿದ್ಯಾರ್ಥಿಗಳಿಗೆ ಕಠಿಣವಾದುದೇ ಸರಿ. ಆದರೂ ಮನುಷ್ಯರ ಎದುರಿಗೆ ಕುಳಿತು ಕಲಿಯಬೇಕಾದ ಕೆಲಸವನ್ನು ಅಂಚೆಯ ಪಾಠಗಳಿಂದ ಕಲಿಯಲಾಗದೆಂಬ ಅದರ ತಾತ್ಪರ್ಯವನ್ನು ನಾನು ಒಪ್ಪುತ್ತೇನೆ. ಅರ್ಜಿ ಹಾಕುವ ವರ್ಷದ ವಿವರಣಪತ್ರಿಕೆಯನ್ನೂ, ಪುನರ್ವಸತಿ ಪರಿಷತ್ತಿನ ಮಾನ್ಯತೆಯ ಪಟ್ಟಿಯನ್ನೂ ಸ್ವತಃ ಓದದೆ ಯಾರೂ ಹಣ ಕಟ್ಟಬಾರದು.

ಉಂಡವಳ್ಳಿಯಿಂದ ಹೊರಡುವವರಿಗೆ ಊರುಗಳ ಆಯ್ಕೆ ಕಿರಿದೇನೂ ಅಲ್ಲ. ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಮನೋವಿಜ್ಞಾನ ವಿಭಾಗ, ರೋಡಾ ಮಿಸ್ತ್ರಿ ಸಮಾಜಕಾರ್ಯ ಕಾಲೇಜು, ಸಿಕಂದರಾಬಾದಿನಲ್ಲಿ ಕ್ಲಿನಿಕಲ್ ಮನೋವಿಜ್ಞಾನದ ತರಬೇತಿಗೆ ಹೆಸರಾದ ಸ್ವೀಕಾರ್ ಸಂಸ್ಥೆ. ಕರ್ನಾಟಕದ ಕಡೆಗೆ ಕಲಬುರಗಿಯ ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯ ವಿಭಾಗ, ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್, ಬೆಂಗಳೂರಿನಲ್ಲಿ ನಿಮ್ಹಾನ್ಸ್. 1924ರಷ್ಟು ಹಿಂದೆಯೇ ಎಂ. ವಿ. ಗೋಪಾಲಸ್ವಾಮಿಯವರು ಕಟ್ಟಿದ ಮೈಸೂರು ವಿಶ್ವವಿದ್ಯಾಲಯದ ಮನೋವಿಜ್ಞಾನ ವಿಭಾಗವೂ ಉಂಟು. ತೆಲಂಗಾಣದವರು ಕರ್ನಾಟಕದ ರಾಜ್ಯ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವಾಗ ಹೊರರಾಜ್ಯದವರೆಂದು ಎಣಿಸಲ್ಪಡುವ ಸಂಭವವಿರುವುದರಿಂದ, ವಾಸಸ್ಥಳ, ಜಾತಿ ಮತ್ತು ಓದಿದ ಮಾಧ್ಯಮದ ಪ್ರಮಾಣಪತ್ರಗಳನ್ನು ಮೊದಲೇ ತೆಗೆದಿಟ್ಟುಕೊಂಡು, ಮೀಸಲಾತಿಯ ಹಾಗೂ ಶುಲ್ಕದ ನಿಯಮವನ್ನು ಬರವಣಿಗೆಯಲ್ಲಿ ಕೇಳಿ ತಿಳಿದುಕೊಳ್ಳುವುದು ಲೇಸು. ರಾಷ್ಟ್ರಮಟ್ಟದ ಸಂಸ್ಥೆಯಾದ ನಿಮ್ಹಾನ್ಸಿನ ಪ್ರವೇಶ ಪರೀಕ್ಷೆ ಅಖಿಲ ಭಾರತದ್ದು; ಅಲ್ಲಿ ಈ ತೊಡಕು ಬಾರದು.

ಈಗ ಶಿಕ್ಷಣದ ಒಳಗಿನ ವಿಷಯಕ್ಕೆ ಬರೋಣ. ನನಗೆ ಮುಖ್ಯವಾದದ್ದು ಇದೇ. ಓದು ಇದ್ದೇ ಇದೆ: ಬೋವೆನ್ನರ ತಲೆಮಾರುಗಳ ಸಿದ್ಧಾಂತ, ವರ್ಜೀನಿಯಾ ಸಟೀರ್ 1964ರಲ್ಲಿ ಪ್ರಕಟಿಸಿದ ಸಂಯುಕ್ತ ಕುಟುಂಬ ಚಿಕಿತ್ಸೆಯ ಗ್ರಂಥ, ಸಾಲ್ವಡಾರ್ ಮಿನುಚಿನ್ನರ 1974ರ ಪುಸ್ತಕ, ಮೈಕಲ್ ವೈಟ್ ಮತ್ತು ಡೇವಿಡ್ ಎಪ್‌ಸ್ಟನ್ನರ ಕಥನ ಪದ್ಧತಿ. ಆದರೆ ಈ ವಿದ್ಯೆಯು ಕೈಸೇರುವುದು ಗುರುವಿನ ಕಣ್ಣೆದುರಿನಲ್ಲಿ. ವಿದ್ಯಾರ್ಥಿಯು ಒಂದು ಕುಟುಂಬದೊಡನೆ ಕೋಣೆಯೊಳಗೆ ಕುಳಿತಿರುತ್ತಾನೆ. ಕುಟುಂಬದ ಒಪ್ಪಿಗೆಯನ್ನು ಪಡೆದು, ಒಂದು ಕಡೆಯಿಂದ ಮಾತ್ರ ಕಾಣುವ ಗಾಜಿನ ಆಚೆ ಹಿರಿಯ ಚಿಕಿತ್ಸಕರೂ ಸಹಪಾಠಿಗಳೂ ನೋಡುತ್ತಿರುತ್ತಾರೆ. ದಾರಿ ತಪ್ಪಿದಲ್ಲಿ ಒಳಗೆ ಕರೆ ಬರುತ್ತದೆ, ಇಲ್ಲವೆ ನಡುವೆ ಹೊರಗೆ ಕರೆದು ತಿದ್ದುತ್ತಾರೆ. ಗಾಜಿಲ್ಲದ ಕಡೆಗಳಲ್ಲಿ ಸಂದರ್ಶನವನ್ನು ಧ್ವನಿಮುದ್ರಿಸಿಕೊಂಡು, ಅಥವಾ ಆಡಿದ ಮಾತುಗಳನ್ನು ನೆನಪಿನಿಂದ ಬರೆದು ತಂದು, ಸಾಲು ಸಾಲಾಗಿ ಪರಿಶೀಲಿಸುತ್ತಾರೆ. ಮಿನುಚಿನ್, ಜೇ ಹೇಲಿ ಮತ್ತು ಬ್ರಾಲಿಯೊ ಮೊಂಟಾಲ್ವೊ ಅವರು 1960ರ ದಶಕದ ಕೊನೆಯಲ್ಲಿ ಫಿಲಡೆಲ್ಫಿಯಾದ ಬಡ ಬಡಾವಣೆಗಳಿಂದ, ಈ ವಿಷಯದಲ್ಲಿ ಪದವಿಯೇನೂ ಇಲ್ಲದ ಸ್ಥಳೀಯರನ್ನು ಆರಿಸಿ, ಪ್ರತಿಯೊಂದು ಸಂದರ್ಶನವನ್ನೂ ಗಾಜಿನ ಆಚೆಯಿಂದ ನೋಡಿ ತಿದ್ದುತ್ತ, ಕುಟುಂಬ ಚಿಕಿತ್ಸಕರನ್ನಾಗಿ ತಯಾರುಮಾಡಿದರು. ಪುಸ್ತಕದ ಬಲಕ್ಕಿಂತ ಮೇಲ್ವಿಚಾರಣೆಯ ಬಲ ಹೆಚ್ಚಿನದೆಂಬುದಕ್ಕೂ, ಹಳ್ಳಿಯಿಂದ ಬಂದವರು ಈ ಕೆಲಸದಲ್ಲಿ ಹಿಂದೆ ಬೀಳಬೇಕಾಗಿಲ್ಲವೆಂಬುದಕ್ಕೂ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾನು ಕಾಣೆ.

ಮೊದಲ ಪಾಠಗಳಲ್ಲಿ ಒಂದು ವಂಶನಕ್ಷೆ. ಮೂರು ತಲೆಮಾರುಗಳನ್ನು ಒಂದು ಹಾಳೆಯ ಮೇಲೆ ಬರೆಯುವುದು: ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ಮದುವೆಗೆ ಒಂದು ಗೆರೆ, ರಕ್ತಸಂಬಂಧದ ಮದುವೆಯಾದರೆ ಎರಡು ಗೆರೆ, ಯಾರು ಯಾರಿಗೆ ಹತ್ತಿರ, ಯಾರು ಯಾರೊಡನೆ ಮಾತು ಬಿಟ್ಟಿದ್ದಾರೆ, ಕುಡಿತ ಯಾವ ತಲೆಮಾರಿನಿಂದ ಇಳಿದುಬಂದಿದೆ ಎಂಬುದನ್ನೆಲ್ಲ ಗುರುತುಹಾಕುವುದು. ಅಮೆರಿಕೆಯ ಪುಸ್ತಕಗಳಲ್ಲಿ ಈ ನಕ್ಷೆ ಟಿಸಿಲೊಡೆಯುತ್ತ ಅಗಲವಾಗಿ ಹರಡುತ್ತದೆ. ನಮ್ಮ ಸೀಮೆಯಲ್ಲಿ ಅದು ತನ್ನೊಳಗೆ ತಾನೇ ಮಡಿಸಿಕೊಳ್ಳುತ್ತದೆ. ಅಕ್ಕನ ಮಗಳನ್ನು ತಮ್ಮನಿಗೆ ತಂದುಕೊಳ್ಳುವ ರೂಢಿಯುಳ್ಳ ಮನೆಯನ್ನು ತೆಗೆದುಕೊಳ್ಳಿ. ಅಲ್ಲಿ ಸೊಸೆಗೆ ಗಂಡನು ಸೋದರಮಾವ, ಅತ್ತೆಯು ತಾಯಿಯ ತಾಯಿ. ಗಂಡನಿಗೆ ಅಕ್ಕನೇ ಅತ್ತೆ. ಗಂಡಹೆಂಡಿರು ಮಾತು ಬಿಟ್ಟರೆಂದರೆ ಆ ಕ್ಷಣವೇ ಅಕ್ಕತಮ್ಮಂದಿರ ನಡುವೆ ಬಿರುಕು. ಹೆಂಡತಿ ಮುನಿಸಿಕೊಂಡು ತವರಿಗೆ ಹೋದರೆ ತಾಯಿಯು ಮಗಳ ಪಕ್ಷವನ್ನು ವಹಿಸಿ ತಮ್ಮನನ್ನು ಕಳೆದುಕೊಳ್ಳಬೇಕೊ, ತಮ್ಮನ ಪಕ್ಷವನ್ನು ವಹಿಸಿ ಮಗಳನ್ನು ಕಳೆದುಕೊಳ್ಳಬೇಕೊ ಎಂದು ನಿಂತಲ್ಲೇ ನಿಲ್ಲುವಳು. ನ್ಯಾಯ ಹೇಳಲು ಕರೆಸಬೇಕಾದ ಸೋದರಮಾವನೇ ಇಲ್ಲಿ ಪ್ರತಿವಾದಿ. ಇಂಥ ಮನೆಯ ಹುಡುಗಿಗೆ ನಿನ್ನ ಗಂಡನಿಂದ ಸ್ವಲ್ಪ ದೂರವಿರು ಎಂದು ನಗರದ ಪುಸ್ತಕವನ್ನು ನೋಡಿ ಸಲಹೆ ಕೊಟ್ಟವನು ಅವಳಿಗೆ ತವರನ್ನೂ ಇಲ್ಲದಂತೆ ಮಾಡಿಯಾನು. ನಕ್ಷೆಯನ್ನು ತಾಳ್ಮೆಯಿಂದ ಬರೆದವನಿಗೆ ಈ ಗಂಟು ಮೊದಲ ದಿನವೇ ಕಾಣುತ್ತದೆ. ಈ ರೂಢಿಯೊಳಗೆ ಹುಟ್ಟಿ ಬೆಳೆದ ವಿದ್ಯಾರ್ಥಿಗೆ ಅದು ಹಾಳೆಗೆ ಮೊದಲೇ ಮನಸ್ಸಿನಲ್ಲಿ ಮೂಡುವುದು. ಪಠ್ಯಗಳು ಕಲಿಸಲಾರದ ಈ ಅರಿವು ಅವನ ನಿಜವಾದ ಬಂಡವಾಳ.

ಪ್ರಶ್ನೆ ಕೇಳುವ ಕ್ರಮವನ್ನೂ ಹೀಗೆಯೇ ಕಲಿಯಬೇಕು. ನಿಮ್ಮ ಸಮಸ್ಯೆ ಏನು ಎಂದು ನೇರವಾಗಿ ಕೇಳಿದರೆ ದೂರುಗಳ ಪಟ್ಟಿ ಸಿಗುತ್ತದೆ. ಇಟಲಿಯ ಮಿಲಾನಿನ ಚಿಕಿತ್ಸಕರು ರೂಢಿಗೆ ತಂದ ಸುತ್ತುಪ್ರಶ್ನೆಗಳಿಂದ ಸಂಬಂಧಗಳ ಚಲನೆ ತಿಳಿಯುತ್ತದೆ. “ಯವ್ವಾ, ನಿನ್ನ ಮಗ ಊಟ ಬಿಟ್ಟು ಎದ್ದು ಹೋದಾಗ ಸೊಸಿ ಏನು ಮಾಡ್ತಾಳ? ಅದನ್ನ ನೋಡಿ ನಿಮ್ಮ ಯಜಮಾನರು ಏನಂತಾರ?” ಎಂದು ಅತ್ತೆಯನ್ನು ಕೇಳಿದರೆ, ಆಕೆ ಉತ್ತರಿಸುತ್ತಿರುವಾಗ ಉಳಿದವರು ತಮ್ಮನ್ನು ಆಕೆಯ ಕಣ್ಣಿನಿಂದ ಮೊದಲ ಬಾರಿಗೆ ನೋಡುವರು. ಇಂಥ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಯೋಚಿಸಿ ಕನ್ನಡಕ್ಕೆ ತಂದು ಕೇಳಿದರೆ ಅದು ಪೊಲೀಸರ ವಿಚಾರಣೆಯಾಗಿ ಕೇಳಿಸೀತು. ತರಗತಿ ಇಂಗ್ಲಿಷಿನಲ್ಲಿ, ಪ್ರಬಂಧ ಇಂಗ್ಲಿಷಿನಲ್ಲಿ, ಆದರೆ ಮನೆಯವರ ಅಳು ಕನ್ನಡದಲ್ಲಿ ಅಥವಾ ತೆಲುಗಿನಲ್ಲಿ; ಬೇರೆ ಪ್ರಾಂತಗಳಿಂದ ಬೆಂಗಳೂರಿಗೆ ಬಂದ ಶಿಷ್ಯರು ಕನ್ನಡವನ್ನು ಕಲಿಯಲು ಪಡುವ ಪಾಡನ್ನು ನೋಡಿದರೆ, ಎರಡು ಮೂರು ಭಾಷೆಗಳಲ್ಲಿ ಸರಾಗವಾಗಿ ಸಂಚರಿಸುವ ಗದ್ವಾಲದ ವಿದ್ಯಾರ್ಥಿಯು ತನ್ನ ಭಾಗ್ಯವನ್ನು ಅರಿಯದೆ ಇಂಗ್ಲಿಷಿನ ಭಯದಿಂದ ಕುಗ್ಗುವುದು ವಿಪರ್ಯಾಸವೆನಿಸುತ್ತದೆ. ಮನಸ್ಸಿನ ವಿಚಾರಗಳನ್ನು ಕನ್ನಡದಲ್ಲಿ ಹೇಳಲಾಗದೆಂಬ ಹೆದರಿಕೆಯೂ ಬೇಡ. ‘ಕೊರವಂಜಿ’ಯ ಸಂಪಾದಕರಾಗಿ ನಾಡನ್ನು ನಗಿಸಿದ ವೈದ್ಯ ಎಂ. ಶಿವರಾಂ ಅವರು ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಗೆ ಪಾತ್ರರಾದರು, ನಿಮ್ಹಾನ್ಸಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರು ದಶಕಗಳಿಂದ ಕನ್ನಡದಲ್ಲಿ ಬರೆದ ಪುಸ್ತಕಗಳು ಹಳ್ಳಿಯ ಗ್ರಂಥಾಲಯಗಳಲ್ಲಿಯೂ ಸಿಗುತ್ತವೆ. ಪ್ರವೇಶ ಪರೀಕ್ಷೆಗೆ ಓದುವ ಮೊದಲು ಅವುಗಳನ್ನು ಓದಿಕೊಂಡವರಿಗೆ ಪರಿಭಾಷೆಯ ಹೆದರಿಕೆ ಅರ್ಧ ಇಳಿಯುವುದು.

ಆದರೆ ಊರಿನ ಅರಿವು ಬಂಡವಾಳವಾದಂತೆಯೇ ಬಂಧನವೂ ಆದೀತು. ಹಿರಿಯರ ಮುಂದೆ ಸೊಸೆ ತಲೆಯೆತ್ತಿ ಮಾತನಾಡಬಾರದೆಂಬ ಮನೆಯಲ್ಲಿ ಬೆಳೆದ ವಿದ್ಯಾರ್ಥಿಯು, ತನಗೆ ಅರಿವಿಲ್ಲದೆಯೇ ಮಾವನ ಕಡೆಗೆ ತಿರುಗಿ ಕುಳಿತು ಸೊಸೆಯನ್ನು ಮೂಲೆಗೆ ಬಿಡಬಹುದು. ಅಥವಾ ತನ್ನ ತಾಯಿ ಪಟ್ಟ ಕಷ್ಟವನ್ನು ನೆನೆದು ಎಲ್ಲ ಅತ್ತೆಯರಲ್ಲಿಯೂ ಒಬ್ಬಳೇ ಅತ್ತೆಯನ್ನು ಕಾಣಬಹುದು. ಇದಕ್ಕಾಗಿಯೇ ಒಳ್ಳೆಯ ಶಿಕ್ಷಣದಲ್ಲಿ ವಿದ್ಯಾರ್ಥಿಯು ತನ್ನ ಸ್ವಂತ ಮನೆಯ ವಂಶನಕ್ಷೆಯನ್ನು ಬರೆದು ಗುರುವಿನೊಡನೆ ಚರ್ಚಿಸುತ್ತಾನೆ. ಕೆಲವರಿಗೆ ಇದು ಬಹಳ ನೋವಿನ ಕೆಲಸ. ನಡುವೆಯೇ ಬಿಟ್ಟುಹೋಗುವವರೂ ಉಂಟು. ಈ ಪರೀಕ್ಷೆಯಿಲ್ಲದೆ ಪ್ರಮಾಣಪತ್ರವನ್ನು ಮಾತ್ರ ಹಂಚುವ ವಾರಾಂತ್ಯದ ಶಿಬಿರಗಳು ಈಗ ನಗರಗಳಲ್ಲಿ ಹೇರಳವಾಗಿವೆ. ಅವುಗಳಿಂದ ಬರುವವರು ಪಂಚರ ಕಟ್ಟೆಯಿಂದ ಎದ್ದು ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತ ಪಂಚರೇ ಆಗಿರುತ್ತಾರೆ. ತೀರ್ಪು ಹೇಳುವ ಚಪಲ ಮಾತ್ರ ಹೋಗಿರುವುದಿಲ್ಲ.

ಕಾನೂನಿನ ತಿಳಿವಳಿಕೆಯನ್ನು ಯಾವ ವಿದ್ಯಾರ್ಥಿಯೂ ಉಪೇಕ್ಷಿಸಕೂಡದು. ಮನೆಯಲ್ಲಿ ಹೊಡೆತ ಬಡಿತವಿದ್ದಾಗ ಗಂಡಹೆಂಡಿರನ್ನು ಎದುರುಬದುರು ಕೂರಿಸಿ ಮಾತನಾಡಿಸುವುದು ಅಪಾಯಕರ. ಅಲ್ಲಿ ಆಡಿದ ಮಾತಿಗೆ ಆಕೆ ಮನೆಯಲ್ಲಿ ಬೆಲೆ ತೆರಬೇಕಾಗುವುದು. ಆದುದರಿಂದ ಮೊದಲು ಪ್ರತ್ಯೇಕವಾಗಿ ಕಂಡು, ಭದ್ರತೆಯನ್ನು ವಿಚಾರಿಸಿಕೊಳ್ಳಬೇಕು. 2005ರ ಕೌಟುಂಬಿಕ ಹಿಂಸಾಚಾರ ತಡೆ ಕಾಯಿದೆಯಂತೆ ದಂಡಾಧಿಕಾರಿಯು ಸಮಾಲೋಚನೆಗೆ ಆಜ್ಞೆ ಮಾಡಬಹುದಾದರೂ, ಅದರ ನಿಯಮಗಳ ಪ್ರಕಾರ ಪ್ರತಿವಾದಿಯು ಇನ್ನು ಹಿಂಸೆ ಮಾಡುವುದಿಲ್ಲವೆಂದು ಬರೆದುಕೊಡಬೇಕು. ಮಾಡಿದ ಹಿಂಸೆಯನ್ನು ಸಮರ್ಥಿಸಿಕೊಳ್ಳಲು ಅವನಿಗೆ ಅಲ್ಲಿ ಅವಕಾಶವಿಲ್ಲ. ತೀರ್ಪು ಹೇಳದ ಚಿಕಿತ್ಸಕನೂ ಹಿಂಸೆಯನ್ನು ಹಿಂಸೆಯೆಂದೇ ಕರೆಯಬೇಕು. ಈ ಒಂದು ಎಡೆಯಲ್ಲಿ ಮಾತ್ರ ತಟಸ್ಥತೆಯು ದೋಷ. ಹದಿನೆಂಟು ತುಂಬದ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದುದು ತಿಳಿದರೆ 2012ರ ಪೋಕ್ಸೊ ಕಾಯಿದೆಯು ವರದಿಮಾಡುವುದನ್ನು ಎಲ್ಲರ ಮೇಲೂ ಕಡ್ಡಾಯಮಾಡಿದೆ, ಚಿಕಿತ್ಸಕನಿಗೆ ವಿನಾಯಿತಿಯಿಲ್ಲ. ಇದನ್ನು ಮೊದಲ ಭೇಟಿಯಲ್ಲಿಯೇ, ಗೋಪ್ಯತೆಯ ಭರವಸೆಯನ್ನು ಕೊಡುವಾಗಲೇ, ಮನೆಯವರಿಗೆ ಹೇಳಿಬಿಡಬೇಕು. ಉಳಿದಂತೆ ಗೋಪ್ಯತೆಯೆಂಬುದು ಹಳ್ಳಿಯಲ್ಲಿ ನಗರಕ್ಕಿಂತ ಹತ್ತುಮಡಿ ಕಷ್ಟ: ಯಾರು ಯಾರ ಮನೆಯಿಂದ ಹೊರಬಂದರೆಂಬುದೇ ಅಲ್ಲಿ ಸುದ್ದಿ. ತನ್ನ ಬಂಧುಗಳನ್ನೂ ಓಣಿಯವರನ್ನೂ ತಾನೇ ಚಿಕಿತ್ಸೆಗೆ ತೆಗೆದುಕೊಳ್ಳದೆ ಬೇರೆಯವರಲ್ಲಿಗೆ ಕಳುಹಿಸುವ ನಿಯಮವನ್ನು ಓದುವಾಗಲೇ ರೂಢಿಸಿಕೊಳ್ಳತಕ್ಕದ್ದು.

ಉದ್ಯೋಗದ ಮಾತು ಸ್ವಲ್ಪದರಲ್ಲಿ ಮುಗಿಯುವುದು. ಆಸ್ಪತ್ರೆಗಳು, ಮದ್ಯವ್ಯಸನ ಬಿಡಿಸುವ ಕೇಂದ್ರಗಳು, ಶಾಲಾಕಾಲೇಜುಗಳು, ನೊಂದ ಹೆಂಗಸರಿಗೆ ನೆರವಾಗುವ ತೆಲಂಗಾಣದ ಸಖಿ ಮತ್ತು ಭರೋಸಾ ಕೇಂದ್ರಗಳು, ಕರ್ನಾಟಕದ ಸಾಂತ್ವನ ಕೇಂದ್ರಗಳು, 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ ಇವು ಕೆಲಸ ಸಿಗುವ ಜಾಗಗಳು. 1984ರ ಕುಟುಂಬ ನ್ಯಾಯಾಲಯಗಳ ಕಾಯಿದೆಯು ದಾವೆಯನ್ನು ನಡೆಸುವ ಮೊದಲು ರಾಜಿಗೆ ಪ್ರಯತ್ನಿಸುವುದನ್ನು ನ್ಯಾಯಾಧೀಶರ ಕರ್ತವ್ಯವೆಂದು ವಿಧಿಸಿ, ಕೌನ್ಸೆಲರ್‌ಗಳ ನೇಮಕಕ್ಕೂ ಅವಕಾಶವನ್ನಿತ್ತಿದೆ. ಆರಂಭದ ಸಂಬಳವನ್ನು ನೆಚ್ಚಿ ಸಾಲ ಮಾಡಿ ಓದುವುದು ಜಾಣತನವಲ್ಲ. ಈ ಹುದ್ದೆಗಳಲ್ಲಿ ಹೆಚ್ಚಿನವು ಗುತ್ತಿಗೆಯವು. ಸ್ವಂತ ಚಿಕಿತ್ಸಾಲಯವನ್ನು ತೆರೆಯುವವರು ಮೊದಲ ವರ್ಷಗಳಲ್ಲಿ ಆಸ್ಪತ್ರೆಯೊಂದರ ನೆರಳಿನಲ್ಲಿ ಕೆಲಸ ಮಾಡುವುದು ಎಲ್ಲ ರೀತಿಯಿಂದಲೂ ಕ್ಷೇಮ.

ಅಮೆರಿಕೆಯಲ್ಲಿ ನೆಲಸಿದ ಬಂಧುಗಳನ್ನು ನೋಡಿ ಅಲ್ಲಿಗೆ ಹೋಗಿ ಕಲಿಯುವ ಆಸೆಯುಳ್ಳವರಿಗೂ ಒಂದು ಮಾತು. ಅಲ್ಲಿ ಪರವಾನಗಿಯನ್ನು ಕೊಡುವುದು ರಾಜ್ಯಗಳು. 2009ರ ಹೊತ್ತಿಗೆ ಐವತ್ತು ರಾಜ್ಯಗಳಲ್ಲಿಯೂ ಈ ವೃತ್ತಿಗೆ ಕಾನೂನು ಬಂದಿತ್ತು. ಕ್ಯಾಲಿಫೋರ್ನಿಯಾದಲ್ಲಿ ಸ್ನಾತಕೋತ್ತರ ಪದವಿಯೊಡನೆ ಕಡಮೆಯೆಂದರೆ 104 ವಾರಗಳಲ್ಲಿ ಹರಡಿದ 3000 ಗಂಟೆಗಳ ಮೇಲ್ವಿಚಾರಿತ ಅನುಭವವನ್ನು ತೋರಿಸಿ, ಪರೀಕ್ಷೆಗಳನ್ನು ಗೆಲ್ಲಬೇಕು. ಇಲ್ಲಿನ ಪದವಿಯನ್ನು ಹೊತ್ತು ಅಲ್ಲಿಗೆ ಹೋದ ಮಾತ್ರಕ್ಕೆ ಕೆಲಸ ಸಿಗದು; ಅಲ್ಲಿನ ಪದವಿಯನ್ನು ಹೊತ್ತು ಇಲ್ಲಿಗೆ ಬಂದವರು ಸಹ ಇಲ್ಲಿನ ನೋಂದಣಿಯ ನಿಯಮವನ್ನು ವಿಚಾರಿಸಿಕೊಳ್ಳಬೇಕು. ಆದರೆ ಆ 3000 ಗಂಟೆಗಳೆಂಬ ಸಂಖ್ಯೆ ನಮಗೆ ಅಳತೆಗೋಲಾಗಿ ಉಪಯುಕ್ತ: ಹತ್ತು ಹದಿನೈದು ದಿನಗಳಲ್ಲಿ ಕುಟುಂಬ ಚಿಕಿತ್ಸಕರನ್ನು ತಯಾರುಮಾಡುತ್ತೇವೆನ್ನುವವರ ಮಾತಿನ ತೂಕವನ್ನು ಅದರಿಂದ ನೋಡಬಹುದು.

ಯಾವ ಸಂಸ್ಥೆಗೆ ಸೇರಬೇಕೆಂದು ಮನಸ್ಸು ಮಾಡಿದರೂ ಶುಲ್ಕ ಕಟ್ಟುವ ಮೊದಲು ಅಲ್ಲಿನ ವಿಭಾಗದ ಮುಖ್ಯಸ್ಥರಿಗೆ ಒಂದು ಪತ್ರ ಬರೆಯಿರಿ. ಎರಡು ವರ್ಷಗಳಲ್ಲಿ ವಿದ್ಯಾರ್ಥಿಯು ಎಷ್ಟು ಕುಟುಂಬಗಳೊಡನೆ ಸ್ವತಃ ಕುಳಿತುಕೊಳ್ಳುವನು, ವಾರಕ್ಕೆ ಎಷ್ಟು ಗಂಟೆ ಮೇಲ್ವಿಚಾರಣೆ ದೊರೆಯುವುದು, ಮೇಲ್ವಿಚಾರಕರ ಅರ್ಹತೆ ಮತ್ತು ನೋಂದಣಿ ಸಂಖ್ಯೆ ಏನು, ಯಾವ ಆಸ್ಪತ್ರೆಯ ಯಾವ ವಿಭಾಗದಲ್ಲಿ ಪ್ರಾಯೋಗಿಕ ಕೆಲಸ ನಡೆಯುವುದು, ಈ ಪದವಿಯಿಂದ ಯಾವ ಪರಿಷತ್ತಿನ ಅಥವಾ ಆಯೋಗದ ದಾಖಲೆಯಲ್ಲಿ ಹೆಸರು ಸೇರುವುದು ಎಂದು ಕೇಳಿರಿ. ಅದೇ ಪ್ರಶ್ನೆಗಳನ್ನು ಕಳೆದ ವರ್ಷ ಓದಿ ಹೊರಬಂದ ಇಬ್ಬರು ವಿದ್ಯಾರ್ಥಿಗಳಿಗೂ ಕೇಳಿ, ಉತ್ತರಗಳನ್ನು ಹೋಲಿಸಿ ನೋಡಿರಿ. ಬರವಣಿಗೆಯಲ್ಲಿ ಉತ್ತರ ಕೊಡಲೊಪ್ಪದ ಸಂಸ್ಥೆಯು ಎಷ್ಟೇ ಹೆಸರುವಾಸಿಯಾಗಿರಲಿ, ಎಷ್ಟೇ ಹತ್ತಿರದಲ್ಲಿರಲಿ, ಅದಕ್ಕೆ ಹಣ ಕಟ್ಟಬೇಡಿರಿ.